ಮಿರ್ಚಿ ತಿನ್ನಿಸಿದ ಸೊಸೆ

"ಏನು ತಿನ್ನಿಸಿದ್ರಿ ಇವರಿಗೆ?"

ಡಾಕ್ಟರು ಕೇಳಿದ್ದು ಪುಷ್ಪಲತಾಳನ್ನು. ಕೇಳುವಾಗ ಅವರ ಕಣ್ಣು ಮಾತ್ರ ಅವಳ ಭಾವ ವೀರಭದ್ರಯ್ಯನ ಕಡೆಗಿತ್ತು. ಮಂಚದ ಮೇಲೆ ಅವಳ ಅತ್ತೆ ಅನ್ನದಾನಮ್ಮ ಕಣ್ಣು ಅರೆಮುಚ್ಚಿ ಮಲಗಿದ್ದಳು. ಹೊಟ್ಟೆ ಉಬ್ಬಿ ಬಿಗಿದಿತ್ತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಕೆಳಗೆ ಹಾಸಿದ ಹಳೇ ಸೀರೆಯ ತುಂಡು ಆಗಲೇ ಮತ್ತೆ ಒದ್ದೆಯಾಗಿತ್ತು. ಬೆಳಗಿನಿಂದ ಅದನ್ನು ಎಷ್ಟು ಸಲ ಬದಲಾಯಿಸಿದ್ದಳೋ ಪುಷ್ಪಲತಾಳಿಗೇ ಗೊತ್ತಿರಲಿಲ್ಲ. ಕೈ ತೊಳೆದು ತೊಳೆದು ಬೆರಳ ತುದಿ ಸುಕ್ಕುಗಟ್ಟಿದ್ದರೂ ವಾಸನೆ ಬಿಟ್ಟಿರಲಿಲ್ಲ. ಇಷ್ಟು ಮಾಡಿದವಳನ್ನು ನಿಲ್ಲಿಸಿ ಕೇಳಿದ ಮೊದಲ ಮಾತು ಇದು.

"ಏನೂ ತಿನ್ನಿಸಿಲ್ರಿ," ಅಂದಳು.

"ಏನೂ ತಿನ್ನದೆ ಇಷ್ಟು ಭೇದಿ ಆಗುತ್ತೇನ್ರೀ? ಆಪರೇಷನ್ ಆದವರಿಗೆ ಕದ್ದು ತಿನ್ನಿಸೋದು ನಿಮ್ಮ ಕಡೆ ಹೆಣ್ಣುಮಕ್ಕಳಿಗೆ ರೂಢಿ. ಆಮೇಲೆ ಡಾಕ್ಟ್ರು ಸರಿಯಿಲ್ಲ ಅಂತೀರಿ."

ಪುಷ್ಪಲತಾಳ ಮೈ ಉರಿದುಹೋಯಿತು. ಆದರೆ ಏನೂ ತಿನ್ನಿಸಿಲ್ಲ ಅನ್ನುವುದನ್ನು ನಂಬಿಸುವುದು ಅಷ್ಟು ಸುಲಭವಿರಲಿಲ್ಲ. ಅದಕ್ಕೆ ಅರ್ಧ ಕಾರಣ ಅವಳೇ ಆಗಿದ್ದಳು. ಉಳಿದರ್ಧ ಅಲ್ಲೇ ಎದುರಿಗೆ ಬಿಳಿ ಅಂಗಿ ತೊಟ್ಟು, ಹಣೆ ತುಂಬ ವಿಭೂತಿ ಹಚ್ಚಿ ನಿಂತಿತ್ತು.

ಅನ್ನದಾನಮ್ಮನ ಹೊಟ್ಟೆಹುಣ್ಣು ಹೊಸದಲ್ಲ. ಎದೆಯ ಕೆಳಗೆ ಅಂಗೈ ಒತ್ತಿಕೊಂಡು ಆಕೆ ಓಡಾಡುವುದನ್ನು ಕೊಟ್ಟೂರಿನ ಅವರ ಓಣಿಯವರೆಲ್ಲ ನೋಡಿದ್ದರು. ಅಡಿಗೆ ಸೋಡಾ ನೀರಿಗೆ ಕಲಸಿ ಕುಡಿದು ವರ್ಷಗಟ್ಟಲೆ ದಿನ ತಳ್ಳಿದ್ದಳು. ಕೊನೆಗೆ ಬೆಳಿಗ್ಗೆ ಉಂಡದ್ದು ಸಂಜೆಗೆ ಹಾಗೇ ವಾಂತಿಯಾಗತೊಡಗಿತು. ಹುಣ್ಣಾಗಿ ಮಾಗಿ, ಹುಣ್ಣಾಗಿ ಮಾಗಿ, ಜಠರದ ಕೆಳಬಾಯಿ ಮುಚ್ಚಿಕೊಂಡಿದೆ, ಕೊಯ್ದು ಊಟ ಇಳಿಯುವುದಕ್ಕೆ ಬೇರೆ ದಾರಿ ಮಾಡಬೇಕು ಅಂದರು. ಎಲ್ಲಿ ಮಾಡಿಸೋಣ ಅನ್ನುವ ಮಾತು ಬಂದಾಗ ವೀರಭದ್ರಯ್ಯ ಯಾರನ್ನೂ ಕೇಳಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಅವನದು ಸಿಮೆಂಟು, ಕಬ್ಬಿಣದ ಅಂಗಡಿ. ಅದೇ ಊರಿನ ಈ ನರ್ಸಿಂಗ್ ಹೋಮಿಗೆ ಮಾಳಿಗೆ ಏರಿಸುವಾಗ ಕಬ್ಬಿಣ ಹೋದದ್ದು ಅವನ ಅಂಗಡಿಯಿಂದ. "ನಮ್ಮ ಡಾಕ್ಟ್ರು" ಅನ್ನುತ್ತಿದ್ದ, ತಾನೇ ಓದಿಸಿ ತಂದವನ ಹಾಗೆ. ಪುಷ್ಪಲತಾಳ ಗಂಡ ಗಂಗಾಧರ, ಅಣ್ಣ ಅಂದದ್ದಕ್ಕೆ ಹೂಂ ಅನ್ನುವುದೊಂದನ್ನು ಬಿಟ್ಟು ಬೇರೇನೂ ಕಲಿತವನಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆ ಮಟ್ಟಿಗೆ ಡಾಕ್ಟರನ್ನು ಯಾರೂ ಬೈಯಬೇಕಾಗಿಲ್ಲ. ಪುಷ್ಪಲತಾಳ ಕಷ್ಟ ಶುರುವಾದದ್ದು ಆಪರೇಷನ್ ಕೋಣೆಯ ಬಾಗಿಲಲ್ಲಿ. ನರ್ಸ್ ನಾಗರತ್ನ ಬಂದು, ಬಳೆ, ಓಲೆ, ಕೊರಳಲ್ಲಿರುವುದು ಎಲ್ಲ ಬಿಚ್ಚಿಕೊಡಿ ಅಂದಳು. ಬಳೆ, ಓಲೆ ಬಿಚ್ಚಿದ ಅನ್ನದಾನಮ್ಮ ಕೊರಳ ಕಡೆ ಕೈ ಒಯ್ಯಲಿಲ್ಲ. ಅಲ್ಲಿದ್ದದ್ದು ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಅಯ್ಯನೋರ ಮನೆತನದ ಹೆಣ್ಣುಮಗಳು ಆಕೆ. ಹುಡುಗಿಯಾಗಿದ್ದಾಗ ಕಟ್ಟಿಸಿಕೊಂಡ ಲಿಂಗವನ್ನು ಒಂದು ದಿನವೂ ಮೈಯಿಂದ ಬೇರೆ ಮಾಡಿದವಳಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿಕೊಳ್ಳದೆ ಬಾಯಿಗೆ ಹನಿ ನೀರು ಬಿಟ್ಟವಳೂ ಅಲ್ಲ. ತೋಳಿಗೆ ಕಟ್ಟಿಕೊಳ್ಳುತ್ತೇನೆ ಅಂದಳು. ಅದೂ ಆಗದು ಅಂದರು. ಕಡೆಗೆ ಕಣ್ಣಿಗೆ ಒತ್ತಿಕೊಂಡು ಹಿರಿಮಗನ ಕೈಯಲ್ಲಿಟ್ಟಳು.

"ಹೊರಗ ಬಂದ ಕೂಡ್ಲೆ ಕೊರಳಿಗೆ ಹಾಕಪಾ ವೀರಭದ್ರ. ಮರೀಬ್ಯಾಡ."

ವೀರಭದ್ರಯ್ಯ ಮರೆಯಲಿಲ್ಲ. ಮನೆಗೆ ಒಯ್ದು ಬೀರುವಿನಲ್ಲಿಟ್ಟು ಕೀಲಿ ಹಾಕಿದ. ತಾಯಿಗೆ ಎಚ್ಚರವಾಗಿ ಲಿಂಗ ಕೇಳಿದಾಗ ನಕ್ಕ. "ಇಲ್ಲಿ ಬ್ಯಾಡಬೇ. ರಕ್ತ, ಕೀವು, ಸಂಡಾಸದ ತಟ್ಟಿ, ಕಂಡಕಂಡೋರು ಮುಟ್ಟೋ ಜಾಗ. ಎಲ್ಲಾ ಮೈಲಿಗಿ. ಮನಿಗೆ ಬಂದಮ್ಯಾಲೆ ಸ್ನಾನ ಮಾಡಿಸಿ ಕಟ್ಟೋಣಂತ."

"ಲಿಂಗಕ್ಕ ಎಂಥಾ ಮೈಲಿಗ್ಯೋ? ಯಾರು ಕಲಿಸ್ಯಾರ ನಿನಗ?" ಅಂದಳು ಅನ್ನದಾನಮ್ಮ. ಧ್ವನಿ ಇರಲಿಲ್ಲ, ಬರೀ ತುಟಿ ಆಡಿದವು. ವೀರಭದ್ರಯ್ಯ ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದ. ಅವನ ಮನೆ ಅಲ್ಲಿಂದ ಎರಡು ಓಣಿ ದಾಟಿದರೆ ಸಿಗುತ್ತಿತ್ತು.

ಮೊದಲ ದಿನಗಳು ಬಾಟಲಿ ಗ್ಲೂಕೋಸಿನಲ್ಲಿ ಕಳೆದವು. ಆಮೇಲೆ ಗುಟುಕು ಗುಟುಕಾಗಿ ನೀರು, ತೆಳು ಗಂಜಿ ಕೊಡಬಹುದು ಅಂದರು. ಅನ್ನದಾನಮ್ಮ ತುಟಿ ಬಿಚ್ಚಲಿಲ್ಲ. ಪುಷ್ಪಲತಾ ಚಮಚ ಹಿಡಿದು ಕೂತು ಬೇಡಿದಳು, ಗದರಿಸಿದಳು, ಕೊನೆಗೆ ಹೊರಗೆ ಹೋಗಿ ಗೋಡೆಗೆ ಹಣೆ ಇಟ್ಟು ನಿಂತಳು. ಅತ್ತೆ ಸೊಸೆಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆಕೆಯ ಪೂಜೆ ಮುಗಿಯುವ ತನಕ ಮನೆಯವರೆಲ್ಲ ಹಸಿದು ಕೂರಬೇಕೇನು ಅನ್ನುವುದರ ಮೇಲೆ ಆದ ಜಗಳ ಓಣಿಯ ತುದಿಯವರೆಗೂ ಕೇಳಿಸಿತ್ತು.

"ಅತ್ತಿ, ದೇವರೇನು ಸಿಟ್ಟಿಗೇಳಾಂಗಿಲ್ರಿ. ಕುಡೀರಿ."

"ದೇವರ ಸಿಟ್ಟಿಂದಲ್ಲವಾ ಮಾತು. ಕಟ್ಟಿಸಿಕೊಂಡಾಗ ನಾ ಒಂದು ಮಾತು ಕೊಟ್ಟೀನಿ. ಅದು ಇರೋತನಕ ನಾ ಅದೀನಿ."

ಇಂಥ ಹಟಕ್ಕೆ ಏನು ಮಾಡಬೇಕು? ಗಂಡನನ್ನು ಭಾವನ ಹತ್ತಿರ ಕಳಿಸಿದಳು. ಹೋದಷ್ಟೇ ಬೇಗ ತಿರುಗಿ ಬಂದು, "ಅಣ್ಣ ಬ್ಯಾಡಂದ," ಅಂದ. ತಾನೇ ಹೋದಳು. ಭಾವನ ಹೆಂಡತಿ ಒಳಗೆ ಕರೆದು ಕಾಫಿ ಕೊಟ್ಟು, ಬೀರುವಿನ ಕೀಲಿಕೈ ಅವರ ಸೊಂಟದಾಗೇ ಇರ್ತೈತಿ ನೋಡವಾ, ಅಂದಳು. ಪುಷ್ಪಲತಾ ಕಾಫಿ ಮುಟ್ಟದೆ ಎದ್ದು ಬಂದಳು.

ಇತ್ತ ನರ್ಸ್ ನಾಗರತ್ನ ಬಂದಾಗಲೆಲ್ಲ ಗಂಜಿ ಯಾಕೆ ಹಾಗೇ ಇದೆ ಎಂದು ಬೈಯುತ್ತಿದ್ದಳು. ಕುಡಿಯದಿದ್ದರೆ ಮೂಗಿನಲ್ಲಿ ನಳಿಗೆ ತೂರಿಸುತ್ತೇವೆ ಅಂತಲೂ ಹೆದರಿಸಿದಳು. ಇವತ್ತಲ್ಲ ನಾಳೆ ಲಿಂಗ ಬರುತ್ತದೆ, ಅಲ್ಲಿವರೆಗೆ ಹೇಗೂ ಗ್ಲೂಕೋಸ್ ಹೋಗುತ್ತಿದೆ ಅಂದುಕೊಂಡು ಪುಷ್ಪಲತಾ ಒಂದು ತಪ್ಪು ಮಾಡಿದಳು. ಗಂಜಿಯನ್ನು ಬಚ್ಚಲಿಗೆ ಸುರಿದು, "ಕುಡುದ್ರು ಸಿಸ್ಟರ್," ಅಂದಳು. ನಾಗರತ್ನ ಖುಷಿಯಾದಳು. ಲಿಂಗ ಬರಲಿಲ್ಲ. ಜ್ವರ ಬಂತು.

ಜ್ವರದ ಹಿಂದೆಯೇ ಭೇದಿ. ಪುಷ್ಪಲತಾ ಮಕ್ಕಳನ್ನು ಸಾಕಿದವಳು, ಭೇದಿ ಅಂದರೆ ಏನೆಂದು ಗೊತ್ತಿದ್ದವಳು. ಇದು ಅದಲ್ಲ ಎಂದು ಅವಳಿಗೆ ನೋಡಿದ ಕೂಡಲೇ ಅನ್ನಿಸಿತು. ಹಸಿರು ಬಣ್ಣದ ನೀರು, ಮೂಗು ಮುಚ್ಚಿದರೂ ನುಗ್ಗುವ ನಾತ, ಅದರಲ್ಲಿ ಹರಿದ ಪೊರೆಯಂಥ ಚೂರುಗಳು. ಕರುಳೇ ಕಿತ್ತು ಬರುತ್ತಿದೆಯೇನೋ ಎಂದು ಹೆದರಿ ಓಡಿಹೋಗಿ ಹೇಳಿದಳು. ಡಾಕ್ಟರು ಬಂದು ಹೊಲಿಗೆ ನೋಡಿ, ಹೊಲಿಗೆ ಚೆನ್ನಾಗಿದೆ ಅಂದರು. ಮೊದಲಿನಿಂದ ಕೊಡುತ್ತಿದ್ದ ಇಂಜೆಕ್ಷನ್ನನ್ನೇ ಇನ್ನೂ ಹೆಚ್ಚು ಮಾಡಿದರು. ಅದು ಹೆಚ್ಚಾದಷ್ಟೂ ಭೇದಿ ಹೆಚ್ಚಾಯಿತು. ಆಗ ವೀರಭದ್ರಯ್ಯನನ್ನು ಅಂಗಡಿಯಿಂದ ಕರೆಸಿದರು, ಆಗಲೇ ಆ ಪ್ರಶ್ನೆ ಕೇಳಿದ್ದು.

"ಬಾಯಿಗೆ ನೀರು ಸೈತ ಬಿಟ್ಟಿಲ್ರಿ ಸರ್," ಅಂದಳು ಪುಷ್ಪಲತಾ. "ಹಾಕಿದ್ದು ನಿಮ್ಮ ಬಾಟ್ಲಿ, ನಿಮ್ಮ ಇಂಜೆಕ್ಷನ್. ಬ್ಯಾರೆ ಏನಿಲ್ಲ."

ನಾಗರತ್ನ ತಲೆ ಎತ್ತಿದಳು. "ಅಲ್ರೀ, ಗಂಜಿ ಕುಡುದ್ರು ಅಂತ ನೀವೇ ಹೇಳಿದ್ರಲ್ಲ? ದಿನಾ ಹೇಳಿದ್ರಿ."

"ಸುಳ್ಳು ಹೇಳಿದ್ನಿ. ಬಚ್ಚಲಕ್ಕ ಚೆಲ್ಲಿದ್ನಿ."

"ನೋಡಿ," ಅಂದರು ಡಾಕ್ಟರು, ಎರಡೂ ಕೈ ಅಗಲಿಸಿ. ಸುಳ್ಳು ಹೇಳುವವಳು ಸಿಕ್ಕಿಬಿದ್ದಾಗಿತ್ತು, ಅವರಿಗೆ ಇನ್ನೇನೂ ಬೇಕಾಗಿರಲಿಲ್ಲ.

ಪುಷ್ಪಲತಾ ಬಿಡಲಿಲ್ಲ. "ಲಿಂಗ ಇಲ್ದ ಅತ್ತಿ ಏನೂ ಮುಟ್ಟಾಂಗಿಲ್ರಿ. ಹುಟ್ಟಿದ ಮಕ್ಕಳಿಗೆ ಗೊತ್ತಿಲ್ಲೇನು ಅದು? ಭಾವನೋರ, ನೀವು ಹೇಳ್ರಿ. ಲಿಂಗ ನಿಮ್ಮ ಬೀರುದಾಗ ಐತಿ. ಅದಿಲ್ದ ಅತ್ತಿ ಹೆಂಗ ತಿಂತಾರ?"

ಆ ಮಾತು ವೀರಭದ್ರಯ್ಯನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಒಂದು ಗಳಿಗೆ ಅವನ ಮುಖ ಬಿಳಿಚಿತು. ತಮ್ಮನ ಹೆಂಡತಿ ಹೇಳಿದ್ದು ನಿಜವಾದರೆ, ಹೊಟ್ಟೆ ಕೊಯ್ಯಿಸಿಕೊಂಡ ತಾಯಿ ತನ್ನ ಬೀರುವಿನ ಕೀಲಿಯ ದೆಸೆಯಿಂದ ಬಾಯಾರಿ ಬಿದ್ದಿದ್ದಳು ಎಂದಾಗುತ್ತದೆ. ಅದು ನಿಜವಾಗಬಾರದು. ಅವನು ಅಂಗಿಯ ತೋಳು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದ.

"ಅವ್ವ ಎಚ್ಚರಿದ್ದಾಗ ತಿನ್ನಾಂಗಿಲ್ರಿ ಸರ್, ಖರೇ. ಮಂಪರದಾಗ ಇದ್ದಾಗ ಬಾಯಿಗೆ ಹಾಕಿದ್ರ ಅಕಿಗೇನು ಗೊತ್ತಾಕ್ಕೈತಿ? ಇವರಿಬ್ಬರಿಗೂ ಮೊದಲಿಂದ ಆಗಾಂಗಿಲ್ಲ. ಊರಿಗೆಲ್ಲ ಗೊತ್ತು ಅದು."

ಪುಷ್ಪಲತಾ ಗಂಡನ ಕಡೆ ನೋಡಿದಳು. ಗಂಗಾಧರ ಕಿಟಕಿಯ ಸರಳು ಹಿಡಿದು ಹೊರಗಡೆ ನಿಂತ ಲಾರಿ ನೋಡುತ್ತಿದ್ದ. ಆ ಲಾರಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ದಾವಣಗೇರಿಗೆ ಒಯ್ಯೋಣ್ರಿ," ಅಂದಳು. "ನನ್ನನ್ನ ಆಮ್ಯಾಲೆ ಬೇಕಾದಷ್ಟು ಬೈರಿ. ಮೊದಲು ಒಯ್ಯೋಣ."

"ಯಾಕೆ ಒಯ್ಬೇಕು?" ಡಾಕ್ಟರ ಧ್ವನಿ ಏರಿತು. "ನನ್ನ ಆಪರೇಷನ್‌ನಲ್ಲಿ ಏನು ತಪ್ಪಿದೆ? ಅಲ್ಲಿಯವರು ಫೋನ್ ಮಾಡಿ ಕೇಳಿದ್ರೆ ನಾನು ಏನಂತ ಹೇಳ್ಲಿ? ಏನು ತಿನ್ನಿಸಿದೀರಿ ಅಂತ ಗೊತ್ತಾಗದೆ ನಾನು ಕಳಿಸೋದಿಲ್ಲ."

"ಡಾಕ್ಟ್ರು ಹೂಂ ಅನ್ನದ ನಾವು ಹೆಂಗ ಒಯ್ಯೋದು?" ಅಂದ ವೀರಭದ್ರಯ್ಯ. ಗಂಗಾಧರ ಲಾರಿ ನೋಡುತ್ತಲೇ ಇದ್ದ.

ಅನ್ನದಾನಮ್ಮನ ಕೈ ಹಿಡಿದು ನೋಡಿದರೆ ತಣ್ಣಗಾಗಿತ್ತು. ಇಷ್ಟು ಹೊತ್ತು ಸುಡುತ್ತಿದ್ದ ಮೈ ತಣ್ಣಗಾದದ್ದು ಒಳ್ಳೆಯದಕ್ಕಲ್ಲ ಎಂದು ಪುಷ್ಪಲತಾಳಿಗೆ ಗೊತ್ತಾಯಿತು. ನಾಡಿ ಸಿಗುತ್ತಿರಲಿಲ್ಲ, ಸಿಕ್ಕರೆ ಎಣಿಸಲಾಗದಷ್ಟು ಓಡುತ್ತಿತ್ತು. ಅತ್ತಿ ಅಂತ ಕೂಗಿದರೆ ರೆಪ್ಪೆ ಅಲ್ಲಾಡಲಿಲ್ಲ. ಸುತ್ತ ನಿಂತ ಗಂಡಸರು ಒಂದು ಉತ್ತರಕ್ಕಾಗಿ ಕಾಯುತ್ತಿದ್ದರು. ಅವರಿಗೆ ಬೇಕಾದ ಉತ್ತರ ಸಿಗದೆ ಈ ಮುದುಕಿ ಈ ಮಂಚ ಬಿಟ್ಟು ಏಳುವುದಿಲ್ಲ. ತಪ್ಪು ಯಾರದೋ ಒಬ್ಬರದು ಎಂದು ಆಗಬೇಕು, ಆಮೇಲೆ ಬಾಗಿಲು ತೆರೆಯುತ್ತದೆ. ಡಾಕ್ಟರದು ಆಗಕೂಡದು, ಹಿರಿಮಗನದು ಆಗಕೂಡದು. ಉಳಿದವಳು ತಾನೊಬ್ಬಳೇ. ಇದು ಅರ್ಥವಾದಾಗ ಪುಷ್ಪಲತಾಳಿಗೆ ಅಳು ಬರಲಿಲ್ಲ. ಇವರನ್ನೆಲ್ಲ ಆ ಒದ್ದೆ ಸೀರೆಯಿಂದ ಬಡಿಯಬೇಕು ಅನ್ನಿಸಿತು.

"ತಿನ್ನಿಸೀನಿ," ಅಂದಳು.

"ಏನು?"

ಏನು ಎಂದು ಅವಳು ಯೋಚಿಸಿರಲಿಲ್ಲ. ಡಾಕ್ಟರೇ ಸಹಾಯಕ್ಕೆ ಬಂದರು. "ಬಸ್ ಸ್ಟ್ಯಾಂಡ್ ಮುಂದಿನ ಮಿರ್ಚೀನಾ?"

"ಹೂಂನ್ರಿ. ಮಿರ್ಚಿ."

"ಕಡ್ಲೆಹಿಟ್ಟು, ಎಣ್ಣೆ, ಖಾರ," ಅಂದರು ಡಾಕ್ಟರು, ಒಂದೊಂದಾಗಿ, ಬಾಯಿ ಚಪ್ಪರಿಸುವ ಹಾಗೆ. "ಹೊಲಿಗೆ ಹಾಕಿದ ಹೊಟ್ಟೆಗೆ! ಮೊದಲೇ ಹೇಳಬಾರದಾ ತಾಯಿ?" ಅವರ ಸಿಟ್ಟೆಲ್ಲ ಇಳಿದುಹೋಗಿತ್ತು. ತಾವೇ ಹೋಗಿ ದಾವಣಗೆರೆಗೆ ಫೋನ್ ಮಾಡಿದರು. ಆಪರೇಷನ್ ಚೆನ್ನಾಗಿತ್ತು, ಸೊಸೆ ಮಿರ್ಚಿ ತಿನ್ನಿಸಿದ್ದಾಳೆ, ಏನು ಮಾಡೋದು, ಹಳ್ಳಿ ಜನ ಎಂದು ನಗುತ್ತಾ ಹೇಳಿದ್ದು ಕಾರಿಡಾರಿನ ತುಂಬಾ ಕೇಳಿಸಿತು. ಬಾಡಿಗೆ ಗಾಡಿ ಓಡಿಸುವ ಮೌನೇಶನ ಟ್ರ್ಯಾಕ್ಸ್ ಬಂದು ಬಾಗಿಲಿಗೆ ನಿಂತಿತು. ಅದುವರೆಗೆ ಯಾರಿಂದಲೂ ಆಗದ ಕೆಲಸಗಳು ಪಟಪಟನೆ ಆದವು.

"ಕೇಳಿದೇನೋ ಗಂಗಾಧರ?" ಅಂದ ವೀರಭದ್ರಯ್ಯ. "ಲಿಂಗ ಇಲ್ದಾಗ ಅವ್ವಗ ಮಿರ್ಚಿ ತಿನ್ನಿಸ್ಯಾಳ ನಿನ್ನ ಹೇಣ್ತಿ. ಜಾತಿ ಕೆಡಿಸಿದ್ಲು." ಅವನು ಟ್ರ್ಯಾಕ್ಸ್ ಹತ್ತಲಿಲ್ಲ. ಅಂಗಡಿಗೆ ಲೋಡು ಬರುವುದಿತ್ತು, ಹಿಂದಿನಿಂದ ಬರುತ್ತೇನೆ ಅಂದ.

ಪುಷ್ಪಲತಾಳಿಗೆ ತಾನು ಏನು ಮಾಡಿದೆ ಎನ್ನುವುದು ಆಗ ಪೂರ್ತಿ ತಿಳಿಯಿತು. ತನ್ನ ಮಾನ ತಾನು ಕಳೆದುಕೊಂಡದ್ದು ಇರಲಿ. ಅತ್ತೆಯ ಮಾನವನ್ನೂ ಅದರ ಜೊತೆ ಕೊಟ್ಟುಬಿಟ್ಟಿದ್ದಳು, ಆಕೆಯನ್ನು ಒಂದು ಮಾತೂ ಕೇಳದೆ. ತೊಡೆಯ ಮೇಲೆ ಆ ತಣ್ಣನೆಯ ತಲೆ ಇಟ್ಟುಕೊಂಡು ಕೂತಳು. ಕೊಟ್ಟೂರು ಬಂತು, ಅವರ ಓಣಿಯ ತಿರುವು ಬಂತು, ಹೋಯಿತು. ಹರಪನಹಳ್ಳಿ ದಾಟುವಾಗ ಮುಂದಿನ ಸೀಟಿನಲ್ಲಿದ್ದ ಗಂಗಾಧರ ಹಿಂದೆ ತಿರುಗಿದ. ಅವ್ವ ಹೇಗಿದ್ದಾಳೆ ಎಂದು ಕೇಳುತ್ತಾನೆ ಅಂದುಕೊಂಡಳು.

"ಯಾಕ ತಿನ್ನಿಸಿದಿ?" ಅಂದ.

ಅಷ್ಟು ಹೊತ್ತೂ ತಡೆದಿದ್ದ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿತು. ತನ್ನ ಜೊತೆ ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಉಂಡು ಮಲಗಿದ ಮನುಷ್ಯ. ಭಾವ ತನ್ನನ್ನು ಉಳಿಸಿಕೊಳ್ಳಲು ನಂಬಿದ, ಡಾಕ್ಟರು ಹೆಸರು ಉಳಿಸಿಕೊಳ್ಳಲು ನಂಬಿದರು. ಇವನು ಸುಮ್ಮನೆ, ಯಾವ ಕಾರಣವೂ ಇಲ್ಲದೆ ನಂಬಿದ್ದ.

"ಮುಂದಕ ನೋಡ್ಕೋತ ಕುಂದರ್ರಿ," ಅಂದಳು. "ಈ ಕಡೆ ತಿರುಗಬ್ಯಾಡ್ರಿ."

ದಾವಣಗೆರೆಯ ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ಏನು ತಿನ್ನಿಸಿದಿರಿ ಎಂದು ಕೇಳಲಿಲ್ಲ. ಯಾವ ಇಂಜೆಕ್ಷನ್ ಕೊಡುತ್ತಿದ್ದರು ಎಂದು ಕೇಳಿದರು. ಪುಷ್ಪಲತಾ ಖಾಲಿ ಸೀಸೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು, ಕೊಟ್ಟಳು. ಅದನ್ನು ನೋಡಿ, ಭೇದಿ ನೋಡಿ, ಹೊಟ್ಟೆ ಒತ್ತಿ ನೋಡಿ, ಮೊದಲು ಆ ಇಂಜೆಕ್ಷನ್ ನಿಲ್ಲಿಸಿದರು. ಎರಡು ಕೈಗೂ ಬಾಟಲಿ ಹಾಕಿಸಿದರು, ಬೇರೆ ಔಷಧಿ ಶುರುಮಾಡಿದರು. ಕರುಳು ತೂತಾದರೆ ಮತ್ತೆ ಹೊಟ್ಟೆ ತೆಗೆಯಬೇಕಾಗುತ್ತದೆ, ಆಗ ಉಳಿಯುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ದಿನಗಳಲ್ಲಿ ಪುಷ್ಪಲತಾ ಬೆಂಚಿನ ಮೇಲೆ ಕೂತೇ ಇದ್ದಳು. ಅತ್ತೆ ಸತ್ತರೆ ಕೊಂದವಳು ತಾನೇ ಎಂದಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಅದಕ್ಕೆ ಹೆದರಿದಳೋ ಅತ್ತೆಗಾಗಿ ಹೆದರಿದಳೋ, ಬಿಡಿಸಿ ನೋಡಲು ಪುರುಸೊತ್ತಿರಲಿಲ್ಲ.

ಕರುಳು ತೂತಾಗಲಿಲ್ಲ. ಜ್ವರ ಇಳಿಯಿತು, ಹೊಟ್ಟೆ ಮೆತ್ತಗಾಯಿತು. ಡಾಕ್ಟರಮ್ಮ ಗಂಗಾಧರನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ಆಪರೇಷನ್ ಆದವರಿಗೆ ಗಾಯ ಕೀವಾಗದಿರಲಿ ಎಂದು ಔಷಧಿ ಕೊಡುತ್ತೇವೆ. ಅದು ಕೆಲವೊಮ್ಮೆ ಕರುಳಿನಲ್ಲಿರುವ ಒಳ್ಳೆಯ ಜೀವಾಣುಗಳನ್ನೂ ಕೊಂದುಬಿಡುತ್ತದೆ. ಆಗ ಕೆಟ್ಟವು ಬೆಳೆದು ಒಳಗೆಲ್ಲ ಉರಿಯೂತ ಆಗುತ್ತದೆ. ಯಾರ ತಪ್ಪೂ ಅಲ್ಲ, ಆದರೆ ಬೇಗ ಗುರುತು ಹಿಡಿಯಬೇಕು.

"ಮಿರ್ಚಿ ತಿಂದಿದ್ರಿಂದ ಅಲ್ಲೇನ್ರಿ?" ಅಂದ ಗಂಗಾಧರ.

"ತಿಂದಿದ್ರೂ ಇದು ಅದರಿಂದ ಬರೋದಲ್ಲ. ಯಾರ್ರೀ ನಿಮಗೆ ಹೇಳಿದ್ದು?"

ಗಂಗಾಧರ ಅಣ್ಣನಿಗೆ ಫೋನ್ ಮಾಡಿ ಹೇಳಿದ. ವೀರಭದ್ರಯ್ಯ ಆ ಕಡೆಯಿಂದ, ಹೆಣ್ಣು ಡಾಕ್ಟ್ರು ಹೆಣ್ಣಿನ ಪರ ಮಾತಾಡ್ದ ಇನ್ನೇನು ಮಾಡ್ಯಾಳು ಅಂದನಂತೆ. ಹೌದಲ್ಲ ಎಂದು ಗಂಗಾಧರನಿಗೂ ಅನ್ನಿಸಿತು. ಪುಷ್ಪಲತಾ ತಾನೇ ಬೂತಿಗೆ ಹೋಗಿ ಭಾವನ ಅಂಗಡಿಗೆ ಫೋನ್ ಹಚ್ಚಿದಳು. "ಭಾವನೋರ, ಲಿಂಗ ಕಳಸ್ರಿ. ಬರಲಿಲ್ಲ ಅಂದ್ರ ನಾನ ಬಂದು ನಿಮ್ಮ ಅಂಗಡಿ ಕಟ್ಟಿ ಮ್ಯಾಲೆ ಕುಂದರ್ತೀನಿ. ಬಂದ ಗಿರಾಕಿಗೆಲ್ಲ ಹೇಳ್ತೀನಿ." ಅದೇ ದಿನ ಮೌನೇಶನ ಕೈಯಲ್ಲಿ ಕರಡಿಗೆ ಬಂತು. ಅನ್ನದಾನಮ್ಮ ಹಾಸಿಗೆಯಲ್ಲೇ ಒರಗಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಸೊಸೆ ಕೊಟ್ಟ ನೀರು ಕುಡಿದಳು. ಆಕೆಗೆ ಆಗಿನ್ನೂ ಏನೂ ಗೊತ್ತಿರಲಿಲ್ಲ.

ಕೊಟ್ಟೂರಿಗೆ ಮರಳಿದಾಗ ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಮಾತಾಡಿಸಲು ಬರುವವರಿಗೆ ಬಾಗಿಲು ಮುಚ್ಚುವ ಹಾಗಿಲ್ಲ. ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದವರು ಅನ್ನದಾನಮ್ಮನ ಕೈ ಹಿಡಿದು ಮಾತಾಡುತ್ತಾ ಪುಷ್ಪಲತಾಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಅವಳು ಕೊಟ್ಟ ಚಹಾ ಕುಡಿಯುವಾಗಲೂ ನೋಡುತ್ತಿದ್ದರು. ಕಾನಹೊಸಹಳ್ಳಿಯಿಂದ ಬಂದ ಬಳಗದ ಹಂಪಮ್ಮನಿಗೆ ಗುಟ್ಟು ಗಿಟ್ಟು ಇಟ್ಟು ರೂಢಿಯಿಲ್ಲ.

"ಏನವಾ ಅನ್ನದಾನಮ್ಮ, ಲಿಂಗ ಇಲ್ದ ಹೊತ್ತಿನ್ಯಾಗ ಮಿರ್ಚಿ ತಿಂದೆಂತ. ಅಷ್ಟು ಬಾಯಿ ಕೆಟ್ಟಿತ್ತೇನು?"

ಅನ್ನದಾನಮ್ಮ ಮೊದಲು ನಕ್ಕಳು. ಹಂಪಮ್ಮ ಹೋದಮೇಲೆ ಸೊಸೆಯನ್ನು ಕರೆದಳು. ಪುಷ್ಪಲತಾ ಏನನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಕಳಿಸುವುದಿಲ್ಲ ಅಂದದ್ದು, ಭಾವ ಹೇಳಿದ್ದು, ತಾನು ಒಪ್ಪಿಕೊಂಡದ್ದು, ಎಲ್ಲವನ್ನೂ ನಿಂತೇ ಹೇಳಿದಳು. ಮುದುಕಿಯ ಮುಖ ಕೆಂಪಗಾಯಿತು. ಸಾಯುವ ಹೊತ್ತಿನಲ್ಲಿ ಇಲ್ಲದ ಕಸುವು ಎಲ್ಲಿತ್ತೋ, ಎದ್ದು ಕೂತಳು.

"ಜೀವಮಾನ ಪೂರಾ ಕಾಪಾಡಿಕೊಂಡು ಬಂದದ್ದನ್ನ ಒಂದು ಮಾತಿನ್ಯಾಗ ಬೀದಿಗಿ ಚೆಲ್ಲಿದೆಲ್ಲ. ನನ್ನ ಸಾಯಾಕ ಬಿಡಬೇಕಿತ್ತು ನೀನು."

"ನಿಮ್ಮನ್ನ ಸಾಯಾಕ ಬಿಡೋ ಮಂದಿ ಅಲ್ಲಿ ಭಾಳ ಇದ್ರು," ಅಂದಳು ಪುಷ್ಪಲತಾ. "ನಾನೂ ಅವರಾಗ ಒಬ್ಬಾಕಿ ಆಗಲಿಲ್ಲ. ಅದು ತಪ್ಪಾಗಿದ್ರ ಬೈರಿ."

ಅನ್ನದಾನಮ್ಮ ಬೈಯಲಿಲ್ಲ. ಮಾತೇ ಬಿಟ್ಟಳು. ಸೊಸೆ ಊಟ ತಂದಿಟ್ಟರೆ ಉಣ್ಣುವಳು, ಮುಖ ನೋಡಳು. ಇದು ಬೈಗುಳಕ್ಕಿಂತ ಹೆಚ್ಚು ಉರಿಸಿತು.

ವೀರಭದ್ರಯ್ಯ ಸುಮ್ಮನಿರಲಿಲ್ಲ. ನಾಲ್ಕು ಜನರ ಬಾಯಿ ಮುಚ್ಚಿಸಬೇಕು, ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ ಎಂದು ಮಠದ ಹಿರಿಯ ಅಯ್ಯನವರನ್ನು ಒಪ್ಪಿಸಿ ಕೊಟ್ಟೂರಿನ ಮನೆಗೆ ಕರೆತಂದ. ಲಿಂಗ ಇಲ್ಲದಾಗ ತಿಂದ ದೋಷ ಕಳೆಯಲು ತಾಯಿಗೆ ಮತ್ತೊಮ್ಮೆ ಲಿಂಗ ಕಟ್ಟಿಸುವುದು ಅವನ ಲೆಕ್ಕಾಚಾರ. ಪಡಸಾಲೆಯಲ್ಲಿ ಕಂಬಳಿ ಹಾಸಿದರು, ತುಂಬಿದ ಕೊಡ ಇಟ್ಟರು. ಓಣಿಯವರು, ಬಳಗದವರು ಗೋಡೆಗೊರಗಿ ಕೂತರು. ಹಂಪಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು.

ಅನ್ನದಾನಮ್ಮ ಬಂದು ಕಂಬಳಿಯ ಮೇಲೆ ಕೂರಲಿಲ್ಲ. ಅದರ ಅಂಚಿನಲ್ಲಿ ನಿಂತು, ಎಷ್ಟೋ ದಿನಗಳ ಮೇಲೆ ಸೊಸೆಯ ಮುಖ ನೋಡಿ ಹೇಳಿದಳು. "ಪುಷ್ಪಾ, ಖರೇ ಏನೈತಿ ಹೇಳು ಇವರಿಗೆ."

ಪುಷ್ಪಲತಾ ಹೇಳಿದಳು. ಅತ್ತೆ ಹನಿ ನೀರೂ ಮುಟ್ಟಿರಲಿಲ್ಲ, ಕಾಯಿಲೆ ಬಂದದ್ದು ಔಷಧಿಯಿಂದ, ಅಲ್ಲಿಂದ ಬಿಡಿಸಿಕೊಂಡು ಹೋಗಲು ತಾನು ಮಿರ್ಚಿ ಅಂದದ್ದು ಸುಳ್ಳು. ಹೇಳುತ್ತಾ ಹೇಳುತ್ತಾ ಅವಳಿಗೇ ಗೊತ್ತಾಯಿತು, ಯಾರ ಮುಖವೂ ಬದಲಾಗುತ್ತಿಲ್ಲ. ವೀರಭದ್ರಯ್ಯ ತಾಳ್ಮೆಯಿಂದ ಕೇಳಿಸಿಕೊಂಡು, "ಅವತ್ತು ಎಲ್ಲಾರ ಮುಂದ ಬಾಯಾರೆ ಒಪ್ಪಿಕೊಂಡಿ ಪುಷ್ಪವ್ವ. ಇವತ್ತು ಅಲ್ಲಂತಿ. ಯಾವುದು ಖರೇ ಅಂತ ತಿಳೀಬೇಕು?" ಅಂದ.

"ನಾ ಹೇಳ್ತೀನಿ ಯಾವುದು ಖರೇ ಅಂತ," ಅಂದಳು ಅನ್ನದಾನಮ್ಮ. "ನಾ ಏನೂ ತಿಂದಿಲ್ಲ. ಲಿಂಗ ನಿನ್ನ ಬೀರುದಾಗಿತ್ತು."

"ಎಬೇ, ನಿನಗ ಮೈಮ್ಯಾಲೆ ಖಬರ ಇರಲಿಲ್ಲ," ಅಂದ ಮಗ, ಮಕ್ಕಳಿಗೆ ಹೇಳುವ ಹಾಗೆ. ಗೋಡೆಗೊರಗಿದವರಲ್ಲಿ ಒಬ್ಬರಿಬ್ಬರು ಪಾಪ ಅಂದರು. ಅಯ್ಯನವರು ಕಣ್ಣು ಮುಚ್ಚಿ ಕೂತಿದ್ದರು. ಆಗಿದ್ದು ಆಗಿಹೋಯಿತು, ಕೂಡ್ರವಾ ಅಂದರು.

ಪುಷ್ಪಲತಾಳಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಸುಳ್ಳು ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಿರಲಿಲ್ಲ. ಈಗ ಇಬ್ಬರು ಹೆಂಗಸರು ನಿಂತು ಒಂದೇ ಮಾತು ಹೇಳಿದರೂ ಸಾಲುವುದಿಲ್ಲ. ಅನ್ನದಾನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹಿರಿಮಗನನ್ನು, ಕಂಬದ ಮರೆಗೆ ಸರಿದಿದ್ದ ಕಿರಿಮಗನನ್ನು, ಕಡೆಗೆ ಸೊಸೆಯನ್ನು. ಸೊಸೆಯ ಮೇಲೆ ಕಣ್ಣು ನಿಂತಿತು. ಆಮೇಲೆ ಕಂಬಳಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ತಿಂದೆ," ಅಂದಳು.

ಹಂಪಮ್ಮ ಕೂತಲ್ಲಿಂದಲೇ ಮುಂದಕ್ಕೆ ಬಾಗಿದಳು.

"ಮಿರ್ಚಿ ತಿಂದೆ. ಇಕಿ ತಿನ್ನಿಸಲಿಲ್ಲ. ಇಕಿ ಕೈ ಮುಗಿದು ಬ್ಯಾಡಂದ್ಲು. ನಾನ ಯಾರನ್ನೋ ಕಳಿಸಿ ತರಿಸಿಕೊಂಡೆ, ನನ್ನ ಕೈಲೆ ತಿಂದೆ, ಬಾಯಿ ಚಪಲಕ್ಕ ತಿಂದೆ. ನನ್ನ ಮಾನ ಉಳಸಾಕ ಇಕಿ ತನ್ನ ಮ್ಯಾಲೆ ಹಾಕ್ಕೊಂಡ್ಲು. ಇನ್ನ ಮ್ಯಾಲೆ ಮಿರ್ಚಿ ಮಾತು ಬಂದ್ರ ನನ್ನ ಹೆಸರು ಹೇಳ್ರಿ, ಇಕಿ ಹೆಸರು ಹೇಳಬ್ಯಾಡ್ರಿ."

ಎಲ್ಲರೂ ನಂಬಿದರು. ಒಬ್ಬರೂ, ಹಂಪಮ್ಮ ಕೂಡ, ಹೇಗೆ, ಯಾರನ್ನು ಕಳಿಸಿ ತರಿಸಿದೆ ಎಂದು ಕೇಳಲಿಲ್ಲ. ತಲೆ ಅಲ್ಲಾಡಿಸಿದರು, ನಾಲಿಗೆ ಲೊಚಗುಟ್ಟಿದರು. ಎಷ್ಟೋ ವರ್ಷ ಆಕೆಯ ಪೂಜೆ ಮುಗಿಯಲೆಂದು ಹೊರಗೆ ಚಪ್ಪಲಿ ಬಿಟ್ಟು ಕಾದು ನಿಂತವರು ಅವರೇ. ವೀರಭದ್ರಯ್ಯ ಉಸಿರು ಬಿಟ್ಟ. "ಹೋಗ್ಲಿ ಬಿಡಬೇ, ವಯಸ್ಸಾದೋರಿಗೆ ಬಾಯಿ ಕೇಳಾಂಗಿಲ್ಲ. ಮುಗೀತಲ್ಲ," ಅಂದ.

"ನಿಂದು ಮುಗಿದಿಲ್ಲ," ಅಂದಳು ಅನ್ನದಾನಮ್ಮ. "ನಾ ಸತ್ತಮ್ಯಾಲೆ ಸಮಾಧಿ ಕುಣಿಯಾಗ ಕುಂದ್ರಿಸಿ ನನ್ನ ಅಂಗೈಯಾಗ ಲಿಂಗ ಇಡೋದು ಇಕಿ. ಹಿರೇಮಗ ಅಂತ ನೀ ಮುಂದ ಬರಬ್ಯಾಡ. ನಿನ್ನ ಕೈಗೆ ಒಮ್ಮೆ ಕೊಟ್ಟಿದ್ನೆಲ್ಲ, ಸಾಕು."

ತಾಯಿಗೆ ಕೊನೆಯದಾಗಿ ಮಾಡುವ ಆ ಕೆಲಸವನ್ನು ಅವರ ಮನೆತನದಲ್ಲಿ ಹಿರಿಮಗನ ಕೈಯಿಂದ ಯಾರೂ ಕಸಿದುಕೊಂಡದ್ದಿಲ್ಲ. ಅಯ್ಯನವರು ಕಣ್ಣು ತೆರೆದು ಮೊದಲ ಸಲ ಪುಷ್ಪಲತಾಳನ್ನು ನೋಡಿದರು.

ಪುಷ್ಪಲತಾ ಅಳುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಅಲ್ಲಿ ಕೂತವರನ್ನೆಲ್ಲ ಎಬ್ಬಿಸಿ ಹೊರಗೆ ಅಟ್ಟಬೇಕು ಅನ್ನಿಸುತ್ತಿತ್ತು. ಬಗ್ಗಿ ಅತ್ತೆಯ ಕಿವಿಯ ಹತ್ತಿರ, "ಯಾಕಂದ್ರಿ ಹಂಗ? ಯಾಕಂದ್ರಿ ಅತ್ತಿ?" ಅಂದಳು.

"ಮತ್ತ ನೀ ಯಾಕಂದಿದ್ದಿ?" ಅಂದಳು ಅನ್ನದಾನಮ್ಮ, ಅಯ್ಯನವರ ಮುಂದೆ ಅಂಗೈ ಚಾಚುತ್ತಾ.